ಉದ್ಯೋಗಾನ್ವೇಷಣೆಯೂ ಸಂದರ್ಶನವೂ



ಘಟಿಕೋತ್ಸವದ ವೇದಿಕೆಯಿಂದ ರಾಷ್ಟ್ರದ ಭವಿಷ್ಯ, ವಿಜ್ಞಾನದ ಅಭ್ಯುದಯ, ಸಂಸ್ಕೃತಿಯ ಸಂರಕ್ಷಣೆ ಮೊದಲಾದ ಮಹದ್ವಿಷಯಗಳನ್ನು ಕುರಿತು ಮಾತನಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಆ ವಿಷಯಗಳಲ್ಲಿ ನನಗೂ ಆದರವುಂಟು. ಆದರೆ ಇಂದು ಪದವಿಯನ್ನು ಸ್ವೀಕರಿಸಿದ ಸ್ನಾತಕರಾದ ನೀವು ಊರಿಗೆ ಮರಳಿದೊಡನೆ ನೆರೆಹೊರೆಯವರೂ ನಂಟರಿಷ್ಟರೂ ಅಕ್ಕರೆಯಿಂದಲೋ ಕುತೂಹಲದಿಂದಲೋ ಕೇಳತಕ್ಕ ಮೊದಲ ಪ್ರಶ್ನೆ ‘ಕೆಲಸದ ವಿಚಾರ ಏನಾಯಿತು?’ ಎಂಬುದೇ ಆಗಿರುವುದರಿಂದ, ಮತ್ತು ಆ ಪ್ರಶ್ನೆಯ ಭಾರವನ್ನು ಹೊತ್ತುಕೊಂಡೇ ನಿಮ್ಮಲ್ಲಿ ಅನೇಕರು ಇಲ್ಲಿ ಕುಳಿತಿರುವಿರೆಂಬುದನ್ನು ಬಲ್ಲೆನಾದ್ದರಿಂದ, ಉದ್ಯೋಗವನ್ನು ಅರಸುವ ಕ್ರಮವನ್ನೂ ಸಂದರ್ಶನಕ್ಕೆ ಸಿದ್ಧರಾಗುವ ಬಗೆಯನ್ನೂ ಕುರಿತು ಕೆಲವು ಮಾತುಗಳನ್ನು ಹೇಳಲು ನಿಶ್ಚಯಿಸಿದ್ದೇನೆ. ಇದು ವಿಶ್ವವಿದ್ಯಾನಿಲಯದ ಘನತೆಗೆ ತಕ್ಕ ವಿಷಯವಲ್ಲವೆಂದು ಯಾರಾದರೂ ಭಾವಿಸಿದರೆ ಅದನ್ನು ನಾನು ಒಪ್ಪಲಾರೆ. ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅಧಿಕಾರಿಯಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಸಣ್ಣಕಥೆಯನ್ನು ಬೆಳೆಸಿದ್ದು ಆ ಸೇವೆಯ ವರ್ಷಗಳಲ್ಲಿಯೇ ಅಲ್ಲವೇ? ಜೀವನೋಪಾಯಕ್ಕೂ ಜೀವನದ ಔನ್ನತ್ಯಕ್ಕೂ ವಿರೋಧವನ್ನು ಕಲ್ಪಿಸುವುದು ಯುಕ್ತವಲ್ಲ.

ನಿಮ್ಮಲ್ಲಿ ಕೆಲವರಿಗೆ ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ಈಗಾಗಲೇ ಕೆಲಸ ನಿಶ್ಚಯವಾಗಿರಬಹುದು. ಇನ್ನು ಕೆಲವರು ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ, ಬಾಡಿಗೆಯ ಕೊಠಡಿಯಲ್ಲಿ ಮೂರು ನಾಲ್ಕು ಮಂದಿ ಸೇರಿಕೊಂಡು, ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೆ ಓದಲು ಮನಸ್ಸು ಮಾಡಿರಬಹುದು. ಉಳಿದವರು, ಬಹುಶಃ ಹೆಚ್ಚಿನವರು, ಎಲ್ಲಿಂದ ಆರಂಭಿಸಬೇಕೆಂಬುದನ್ನೇ ತಿಳಿಯದೆ ಇದ್ದೀರಿ. ಈ ಮೂರು ಬಗೆಯವರಿಗೂ ಅನ್ವಯಿಸುವಂತೆ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಸಂದರ್ಶನವೆಂಬುದು ಆಯ್ಕೆ ಸಮಿತಿಯ ಎದುರಿನ ಕುರ್ಚಿಯಲ್ಲಿ ಕುಳಿತಾಗ ಆರಂಭವಾಗುವುದಲ್ಲ, ನೀವು ಅರ್ಜಿಯನ್ನು ಬರೆಯಲು ಕುಳಿತಾಗಲೇ ಅದು ಆರಂಭವಾಗುತ್ತದೆ, ಏಕೆಂದರೆ ಅಲ್ಲಿ ಕೇಳಲ್ಪಡುವ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನು ನೀವೇ ಆ ಕಾಗದದ ಮೇಲೆ ಬರೆದುಕೊಟ್ಟಿರುತ್ತೀರಿ.

ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸೇವಾ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅದರ ಅಂತಿಮ ಯಾದಿಗೆ ಲೆಕ್ಕಕ್ಕೆ ಬರುವ 2,025 ಅಂಕಗಳಲ್ಲಿ 1,750 ಲಿಖಿತ ಪರೀಕ್ಷೆಗೂ 275 ವ್ಯಕ್ತಿತ್ವ ಪರೀಕ್ಷೆಗೂ ಮೀಸಲಾಗಿವೆ. ಆ ವ್ಯಕ್ತಿತ್ವ ಪರೀಕ್ಷೆಯನ್ನು ನಡೆಸುವ ಸದಸ್ಯರ ಮುಂದೆ ಅಭ್ಯರ್ಥಿಯು ತುಂಬಿಕೊಟ್ಟ ವಿವರವಾದ ಅರ್ಜಿ ಇರುತ್ತದೆ. ಅದರಲ್ಲಿ ಬರೆದ ಹುಟ್ಟಿದ ಜಿಲ್ಲೆ, ಓದಿದ ವಿಷಯ, ಮಾಡಿದ ಕೆಲಸ, ಮೆಚ್ಚಿದ ಹವ್ಯಾಸ ಇವುಗಳ ಎಳೆಯನ್ನು ಹಿಡಿದೇ ಮಾತು ಬೆಳೆಯುತ್ತದೆ. ಖಾಸಗಿ ಸಂಸ್ಥೆಗಳಲ್ಲಿಯೂ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ರಸಾಯನಶಾಸ್ತ್ರದ ಸ್ನಾತಕಿಯೊಬ್ಬಳು ತನ್ನ ಬಯೋಡೇಟಾದಲ್ಲಿ, ಕೋಲಾರ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣವನ್ನು ಪರೀಕ್ಷಿಸಿದೆನೆಂದು ಒಂದು ಪಂಕ್ತಿಯನ್ನು ಬರೆದಳೆಂದಿಟ್ಟುಕೊಳ್ಳೋಣ. ಆ ಒಂದು ಪಂಕ್ತಿಯಿಂದ ಎಷ್ಟು ಪ್ರಶ್ನೆಗಳು ಹುಟ್ಟುತ್ತವೆಂಬುದನ್ನು ಗಮನಿಸಿ: ಯಾವ ಯಾವ ಗ್ರಾಮಗಳಿಂದ ನೀರನ್ನು ತಂದಿರಿ, ಮಳೆಗಾಲದಲ್ಲೋ ಬೇಸಗೆಯಲ್ಲೋ, ಅಳೆದ ವಿಧಾನವೇನು, ಕುಡಿಯುವ ನೀರಿನ ಭಾರತೀಯ ಮಾನಕ ಹೇಳುವ ಮಿತಿಯೆಷ್ಟು, ಎರಡು ಸಲ ಅಳೆದಾಗ ಎರಡು ಬಗೆಯ ಫಲಿತಾಂಶ ಬಂದರೆ ಏನು ಮಾಡಿದಿರಿ? ಲೀಟರಿಗೆ 1 ಮಿಲಿಗ್ರಾಂ ಎಂಬುದು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಜಲಮೂಲವಿಲ್ಲದ ಕಡೆ 1.5ರವರೆಗೆ ಅವಕಾಶವುಂಟೆಂದೂ ಬಲ್ಲವಳು, ತಾನೇ ಬಾಟಲಿಯಲ್ಲಿ ನೀರನ್ನು ತುಂಬಿಕೊಂಡು ಬಸ್ಸಿನಲ್ಲಿ ತಂದವಳು, ಆ ಗ್ರಾಮದ ಮಕ್ಕಳ ಹಲ್ಲುಗಳ ಮೇಲಿನ ಕಲೆಯನ್ನು ಕಣ್ಣಾರೆ ಕಂಡವಳು ಈ ಪ್ರಶ್ನೆಗಳಿಗೆ ಅಂಜಬೇಕಾಗಿಲ್ಲ. ಅದೇ ಪಂಕ್ತಿಯನ್ನು ಗೆಳತಿಯ ವರದಿಯಿಂದ ನಕಲು ಮಾಡಿದವಳಿಗಾದರೋ ಎರಡನೆಯ ಪ್ರಶ್ನೆಯಲ್ಲಿಯೇ ಮಾತು ಕುಂಠಿತವಾಗುತ್ತದೆ. ಅನಂತರ ಆಕೆ ಹೇಳುವ ನಿಜವನ್ನೂ ಸಮಿತಿ ನಂಬುವುದಿಲ್ಲ.

ಆದಕಾರಣ ನಿಮ್ಮ ಪ್ರಥಮ ಕರ್ತವ್ಯ ಅರ್ಜಿ ಹಾಕುವುದಲ್ಲ, ನೀವು ಇದುವರೆಗೆ ಮಾಡಿದ ಕೆಲಸಗಳನ್ನು ಬರೆದಿಟ್ಟುಕೊಳ್ಳುವುದು. ಕೆಲಸವೆಂದರೆ ಪ್ರಯೋಗಶಾಲೆಯ ಕೆಲಸ ಮಾತ್ರವೆಂದು ತಿಳಿಯಬೇಡಿ. ಎನ್‌ಎಸ್‌ಎಸ್ ಶಿಬಿರದಲ್ಲಿ ನೂರು ಮಂದಿಯ ಊಟದ ಲೆಕ್ಕವನ್ನು ನೋಡಿಕೊಂಡದ್ದು, ತಂದೆಯ ರೇಷ್ಮೆಗೂಡಿನ ಮಾರಾಟದ ದಿನ ಮಾರುಕಟ್ಟೆಯಲ್ಲಿ ನಿಂತು ಹರಾಜನ್ನು ಗಮನಿಸಿದ್ದು, ಸ್ವಸಹಾಯ ಸಂಘದ ಪುಸ್ತಕವನ್ನು ತಾಯಿಗಾಗಿ ಬರೆದುಕೊಟ್ಟದ್ದು, ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು, ಇವೆಲ್ಲವೂ ಕೆಲಸಗಳೇ. ನಮ್ಮ ಗ್ರಾಮಾಂತರದ ವಿದ್ಯಾರ್ಥಿಗಳು ಇವುಗಳನ್ನು ಮನೆಯ ಚಾಕರಿಯೆಂದು ಬಗೆದು ಮುಚ್ಚಿಡುತ್ತಾರೆ. ‘ಪರಿಶ್ರಮಿ, ತಂಡದೊಡನೆ ದುಡಿಯಬಲ್ಲವನು, ಧನಾತ್ಮಕ ಮನೋಭಾವದವನು’ ಎಂದು ಇನ್ನೊಬ್ಬರ ಬಯೋಡೇಟಾದಿಂದ, ಈಚೆಗೆ ಯಂತ್ರದಿಂದಲೂ, ಎತ್ತಿಕೊಂಡ ವಿಶೇಷಣಗಳನ್ನು ತುಂಬುತ್ತಾರೆ. ಮಾಡಿದ್ದನ್ನು ಮುಚ್ಚಿಟ್ಟು ಮಾಡದ್ದನ್ನು ಮೆರೆಸುವ ಈ ರೂಢಿಯನ್ನು ಕಂಡಾಗಲೆಲ್ಲ ನನಗೆ ತುಂಬ ವ್ಯಥೆಯಾಗುತ್ತದೆ.

ಇದಕ್ಕಾಗಿ ಒಂದು ದಪ್ಪ ನೋಟ್‌ಬುಕ್ ಸಾಕು. ಮುಂಭಾಗದಲ್ಲಿ ಈ ಕೆಲಸಗಳ ವಿವರವಿರಲಿ. ಹಿಂಭಾಗದಲ್ಲಿ ಅರ್ಜಿಗಳ ಲೆಕ್ಕವಿರಲಿ: ಯಾವ ಹುದ್ದೆ, ಯಾವ ಸಂಸ್ಥೆ, ಕೊನೆಯ ದಿನಾಂಕ, ಕಳುಹಿಸಿದ ದಿನ, ಅರ್ಜಿಸಂಖ್ಯೆ, ಯಾರೊಡನೆ ಮಾತನಾಡಿದಿರಿ, ಮುಂದೆ ಎಂದು ವಿಚಾರಿಸಬೇಕು. ಕಳುಹಿಸಿದ ಅರ್ಜಿಯ ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಿ. ಎರಡು ತಿಂಗಳ ಅನಂತರ ಕರೆ ಬಂದಾಗ, ತಾನು ಬರೆದದ್ದೇನೆಂಬುದನ್ನೇ ಮರೆತು ಕೂರುವ ಅಭ್ಯರ್ಥಿಗಳು ಅನೇಕರು.

ದಾಖಲೆಗಳ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಮತ್ತೊಂದು, ಪದವಿಪತ್ರದಲ್ಲಿ ಇನಿಷಿಯಲ್ ಹಿಂದುಮುಂದು, ಹೀಗಿದ್ದರೆ ಇಂದೇ ಸರಿಪಡಿಸಲು ತೊಡಗಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371 (ಜೆ) ಅರ್ಹತಾ ಪ್ರಮಾಣಪತ್ರ, ಇವುಗಳಿಗಾಗಿ ಅಧಿಸೂಚನೆ ಹೊರಟ ಮೇಲೆ ಓಡಾಡಿದರೆ, ಓದಿ ಗಳಿಸಿದ ಅಂಕವನ್ನು ಒಂದು ಕಾಗದದ ಕೊರತೆಯಿಂದ ಕಳೆದುಕೊಳ್ಳಬೇಕಾದೀತು.

ಇನ್ನು ಕೆಲಸ ಎಲ್ಲಿದೆಯೆಂಬುದನ್ನು ತಿಳಿಯುವ ಬಗೆ. ಜಾಹೀರಾತು, ಉದ್ಯೋಗ ವಿನಿಮಯ ಕೇಂದ್ರ, ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣ, ಆಯೋಗಗಳ ಅಧಿಸೂಚನೆ ಇವುಗಳನ್ನು ನೀವು ಬಲ್ಲಿರಿ. ಬಲ್ಲವರಾಗಿಯೂ ನೀವು ಉಪಯೋಗಿಸದೆ ಬಿಡುವ ಮಾರ್ಗವೊಂದಿದೆ: ಅದು ವಿಚಾರಣೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ನಗರದ ಬಳಿಯ ಊರೊಂದರಲ್ಲಿ ಕೆಲಸ ಬದಲಾಯಿಸಿದ ವಿದ್ಯಾವಂತರನ್ನು ವಿಚಾರಿಸಿ, 1973ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಒಂದು ಗಮನಾರ್ಹ ಸಂಗತಿಯನ್ನು ತೋರಿಸಿದರು. ಪರಿಚಯದ ಮೂಲಕ ಕೆಲಸದ ಸುದ್ದಿ ಪಡೆದವರಲ್ಲಿ, ಆ ಸುದ್ದಿ ಕೊಟ್ಟ ವ್ಯಕ್ತಿಯನ್ನು ಪದೇ ಪದೇ ನೋಡುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರೆಲ್ಲರಿಗೂ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ, ಅಥವಾ ತೀರ ಅಪರೂಪವಾಗಿ ಕಾಣುತ್ತಿದ್ದವರಿಂದ. ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ನಮ್ಮ ಆಪ್ತ ಮಿತ್ರರು ನಮ್ಮ ಸುತ್ತಲೇ ಇರುವವರಾದ್ದರಿಂದ ಅವರಿಗೆ ತಿಳಿದದ್ದು ನಮಗೂ ತಿಳಿದೇ ಇರುತ್ತದೆ; ದೂರದ ಪರಿಚಿತರಾದರೋ ನಾವು ಕಾಣದ ವಲಯಗಳಲ್ಲಿ ಸಂಚರಿಸುವವರು. ನಿಮಗಿಂತ ಮೂರು ವರ್ಷ ಮೊದಲು ಇದೇ ಕಾಲೇಜಿನಲ್ಲಿ ಓದಿದವರು, ಪ್ರಾಜೆಕ್ಟಿಗಾಗಿ ಒಮ್ಮೆ ಭೇಟಿಯಾದ ಕಾರ್ಖಾನೆಯ ಮೇಲ್ವಿಚಾರಕರು, ಊರಿನಿಂದ ಹೋಗಿ ಪುಣೆಯಲ್ಲೋ ಹೊಸೂರಿನಲ್ಲೋ ನೆಲೆಸಿದವರು, ಇವರಿಗೆ ನಾಲ್ಕು ಸಾಲಿನ ವಿನಯಪೂರ್ವಕವಾದ ಪತ್ರ ಬರೆಯಲು ಏಕೆ ಹಿಂಜರಿಯುತ್ತೀರಿ?

ಹಿಂಜರಿಕೆಯ ಮೂಲವನ್ನು ನಾನು ಬಲ್ಲೆ. ಮನೆತನದಲ್ಲಿ ಮೊದಲ ಸಲ ಪದವಿ ಪಡೆದವರಿಗೆ ಯಾರನ್ನಾದರೂ ಕೇಳುವುದೆಂದರೆ ವಶೀಲಿ ಹಚ್ಚಿದಂತೆ ತೋರುತ್ತದೆ. ಆ ಅಭಿಮಾನ ಗೌರವಾರ್ಹವಾದದ್ದು. ಆದರೆ ಎರಡಕ್ಕೂ ಅಂತರವುಂಟು. ‘ನನಗೆ ಕೆಲಸ ಕೊಡಿಸಿ’ ಎಂದು ಬೇಡುವುದು ವಶೀಲಿ. ‘ನೀವು ಮಾಡುವ ಕೆಲಸ ಎಂಥದು, ಅದಕ್ಕೆ ಏನನ್ನು ಕಲಿತಿರಬೇಕು, ಯಾವ ಕಾಲದಲ್ಲಿ ನೇಮಕಾತಿ ನಡೆಯುತ್ತದೆ?’ ಎಂದು ಕೇಳುವುದು ಜಿಜ್ಞಾಸೆ. ಮೊದಲನೆಯದು ಇನ್ನೊಬ್ಬ ಅರ್ಹನ ಅವಕಾಶವನ್ನು ಕಸಿಯುತ್ತದೆ; ಎರಡನೆಯದು ಯಾರಿಗೂ ಅನ್ಯಾಯ ಮಾಡುವುದಿಲ್ಲ. ಕೆಲಸ ಕೊಡಿಸುತ್ತೇವೆಂದು ನೋಂದಣಿಯ ಹೆಸರಿನಲ್ಲೋ ಠೇವಣಿಯ ಹೆಸರಿನಲ್ಲೋ ಹಣ ಕೇಳುವವರ ಹತ್ತಿರ ಮಾತ್ರ ಸುಳಿಯಬೇಡಿ. ಹೊಲವನ್ನು ಅಡವಿಟ್ಟು ಅಂಥವರ ಕೈಗೆ ದುಡ್ಡು ಕೊಟ್ಟು ಬೀದಿಗೆ ಬಿದ್ದ ಸಂಸಾರಗಳನ್ನು ನಮ್ಮ ಜಿಲ್ಲೆಗಳಲ್ಲಿ ಕಾಣಬಹುದು.

ಸಂದರ್ಶನದ ಕೊಠಡಿಯೊಳಗೆ ನಡೆಯುವುದನ್ನು ಕುರಿತು ಈಗ ಹೇಳುವೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಮನಸ್ಸಿಗೆ ಬಂದಂತೆ ಪ್ರಶ್ನಿಸುವ ಸಂದರ್ಶನಕ್ಕಿಂತ, ಪ್ರಶ್ನೆಗಳನ್ನು ಮೊದಲೇ ನಿಶ್ಚಯಿಸಿ ಎಲ್ಲರನ್ನೂ ಅವುಗಳಿಂದಲೇ ಅಳೆಯುವ ಸಂದರ್ಶನವು ಅಭ್ಯರ್ಥಿಯ ಮುಂದಿನ ಕಾರ್ಯದಕ್ಷತೆಯನ್ನು ಹೆಚ್ಚು ನಿಖರವಾಗಿ ಸೂಚಿಸುತ್ತದೆಂದು ಕಂಡುಕೊಂಡರು. ಹೀಗೆ ಮೊದಲೇ ಗೊತ್ತುಪಡಿಸಿದ ಪ್ರಶ್ನೆಗಳಲ್ಲಿ ‘ನೀವು ಧೈರ್ಯವಂತರೇ?’ ಎಂಬಂಥದಕ್ಕಿಂತ, ‘ಜೊತೆಯವರು ಕೆಲಸವನ್ನು ಅರ್ಧಕ್ಕೆ ಬಿಟ್ಟಾಗ ನೀವು ಏನು ಮಾಡಿದಿರಿ, ಹೇಳಿ’ ಎಂಬಂಥದೇ ಹೆಚ್ಚು. ಇದಕ್ಕೆ ಬಾಯಿಪಾಠ ಮಾಡಿದ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ನೋಟ್‌ಬುಕ್ಕಿನ ಮುಂಭಾಗದಿಂದ ನಾಲ್ಕೈದು ಪ್ರಸಂಗಗಳನ್ನು ಆರಿಸಿಕೊಂಡು, ಪರಿಸ್ಥಿತಿ ಹೇಗಿತ್ತು, ನೀವು ಕೈಕೊಂಡ ಕ್ರಮವೇನು, ಅದರಿಂದ ಏನಾಯಿತು ಎಂಬುದನ್ನು ಎರಡು ನಿಮಿಷದಲ್ಲಿ ಹೇಳುವ ಅಭ್ಯಾಸವನ್ನು ಮಾಡಿ. ಗೆಳೆಯರು ನಾಲ್ವರು ಸೇರಿ, ಒಬ್ಬರು ಹೇಳುವಾಗ ಮೂವರು ಕೆದಕಿ ಕೆದಕಿ ಕೇಳಿ. ‘ನಿಮ್ಮ ಬಗ್ಗೆ ಹೇಳಿ’ ಎಂದೊಡನೆ ತಂದೆಯ ಹೆಸರು, ತಾಲ್ಲೂಕು, ಹವ್ಯಾಸ ಎಂದು ವರದಿ ಒಪ್ಪಿಸುವುದನ್ನು ಬಿಟ್ಟು, ನಿಮಗೂ ಆ ಹುದ್ದೆಗೂ ಸಂಬಂಧವೇನೆಂಬುದನ್ನು ಹೇಳಿರಿ. ತಿಳಿಯದ್ದನ್ನು ತಿಳಿಯದೆಂದು ನೇರವಾಗಿ ಹೇಳಿರಿ. ಅದರಿಂದ ನಿಮ್ಮ ಮಾನಕ್ಕೆ ಕುಂದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಬಾಧಿಸುವ ಭಯವೊಂದನ್ನು ಇಲ್ಲಿ ಮುಟ್ಟದಿರಲಾರೆ. ಸಿವಿಲ್ ಸೇವಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ವ್ಯಕ್ತಿತ್ವ ಪರೀಕ್ಷೆಯನ್ನೂ ಕನ್ನಡದಲ್ಲಿ ಎದುರಿಸಬಹುದು. ಆದರೆ ಖಾಸಗಿ ಕ್ಷೇತ್ರದಲ್ಲಿ ಅನೇಕ ಕಡೆ ಇಂಗ್ಲಿಷ್ ಅನಿವಾರ್ಯವೆಂಬುದು ದಿಟ. ಅದಕ್ಕಾಗಿ ಇಂಗ್ಲಿಷ್ ವಾಕ್ಯಗಳನ್ನು ಉರುಹಚ್ಚುವುದರಿಂದ ಆರಂಭಿಸಬೇಡಿ. ನಿಮ್ಮ ಕೆಲಸವನ್ನು ಮೊದಲು ಕನ್ನಡದಲ್ಲಿ, ವಿಷಯವನ್ನು ಅರಿಯದ ನಿಮ್ಮ ಅಜ್ಜಿಗೂ ತಿಳಿಯುವಂತೆ ಹೇಳಿ. ಅಲ್ಲಿ ತೊಡಕುಂಟಾದರೆ ದೋಷ ಭಾಷೆಯದಲ್ಲ, ತಿಳಿವಳಿಕೆಯದು, ಅದನ್ನು ತಿದ್ದಿಕೊಳ್ಳಿ. ಕನ್ನಡದಲ್ಲಿ ತಿಳಿಯಾದ ವಿಷಯವನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಲು ಕೆಲವು ತಿಂಗಳ ನಿತ್ಯಾಭ್ಯಾಸ ಸಾಕು. ವೇಗದ ಇಂಗ್ಲಿಷಿನಿಂದ ಬರಿದಾದ ಮಾತನ್ನಾಡುವವರಿಗಿಂತ, ತಡೆತಡೆದಾದರೂ ಸಾರವತ್ತಾದ ಮಾತನ್ನಾಡುವವರನ್ನು ವಿವೇಕಿಗಳಾದ ಪರೀಕ್ಷಕರು ಗುರುತಿಸಬಲ್ಲರು.

ಎಲ್ಲ ಪರೀಕ್ಷಕರೂ ವಿವೇಕಿಗಳಲ್ಲವೆಂಬುದೂ ನಿಮಗೆ ತಿಳಿದಿರಲಿ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಒಬ್ಬೊಬ್ಬ ಅಭ್ಯರ್ಥಿಯನ್ನು ಎರಡು ಮೂರು ನಿಮಿಷ ಮಾತ್ರ, ಅದೂ ತಂದೆ ಯಾರು, ಊರು ಯಾವುದು ಎಂಬಂಥ ಪ್ರಶ್ನೆಗಳನ್ನು ಕೇಳಿ ಕಳುಹಿಸಿದರೆಂಬ ದೂರು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅಂಥ ಪ್ರವೇಶದಲ್ಲಿ ಮೌಖಿಕ ಪರೀಕ್ಷೆಗೆ ಒಟ್ಟು ಅಂಕಗಳ ನೂರಕ್ಕೆ 15ಕ್ಕಿಂತ ಹೆಚ್ಚು ಮೀಸಲಿಡುವುದು ಸ್ವೇಚ್ಛಾಚಾರವೆಂದು ನ್ಯಾಯಾಲಯ 1980ರಲ್ಲಿ ತೀರ್ಪಿತ್ತಿತು. ಕೇಂದ್ರ ಸರಕಾರವಂತೂ 2016ರ ಜನವರಿಯಿಂದ ಗ್ರೂಪ್ ಸಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ದೇಶದ ಅತ್ಯುನ್ನತ ನ್ಯಾಯಸ್ಥಾನವೇ ಸಂಶಯದಿಂದ ನೋಡಿದ ಒಂದು ಅಳತೆಗೋಲು ನಿಮ್ಮನ್ನು ತಿರಸ್ಕರಿಸಿದರೆ, ಅದನ್ನು ನಿಮ್ಮ ಜೀವದ ಬೆಲೆಯ ಕುರಿತಾದ ತೀರ್ಪೆಂದು ಭಾವಿಸಬೇಡಿ. ಅದೇ ಸಂಜೆ ಕುಳಿತು, ಕೇಳಿದ ಪ್ರಶ್ನೆಗಳನ್ನೂ ನೀವು ಕೊಟ್ಟ ಉತ್ತರಗಳನ್ನೂ ಬರೆದಿಡಿ. ಕಾಯುವ ಕಾಲ ದೀರ್ಘವಾದರೆ ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ ಸ್ಟೈಪೆಂಡಿನೊಡನೆ ಒಂದು ವರ್ಷ ದುಡಿದು ಕಲಿಯುವ ಅವಕಾಶವನ್ನು ವಿಚಾರಿಸಿ. ತಾಯ್ತಂದೆಗಳಲ್ಲಿಯೂ ನನ್ನದೊಂದು ಪ್ರಾರ್ಥನೆ: ಕೆಲಸ ಸಿಗುವುದು ತಡವಾದ ಮಕ್ಕಳನ್ನು ಪಕ್ಕದ ಮನೆಯವರ ಮಕ್ಕಳೊಡನೆ ದಯವಿಟ್ಟು ಹೋಲಿಸಬೇಡಿ.

ಕೊನೆಯದಾಗಿ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾಪನೆ. ಪ್ಲೇಸ್‌ಮೆಂಟ್ ಸೆಲ್ಲುಗಳು ಸಾಮಾನ್ಯವಾಗಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ತೆರೆದಿದ್ದು, ಅವರು ಹೊರಬಿದ್ದೊಡನೆ ಮುಚ್ಚಿಕೊಳ್ಳುತ್ತವೆ. ಆದರೆ ನೆರವು ಹೆಚ್ಚಾಗಿ ಬೇಕಾಗುವುದು ಹೊರಬಿದ್ದ ಅನಂತರದ ಎರಡು ವರ್ಷಗಳಲ್ಲಿ. ಆ ಎರಡು ವರ್ಷಗಳ ಕಾಲ ಹಳೆಯ ವಿದ್ಯಾರ್ಥಿಗಳಿಗೂ ಅವುಗಳ ಬಾಗಿಲು ತೆರೆದಿರಲಿ. ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲಿ ತಿಂಗಳಿಗೊಂದು ಶನಿವಾರ ಅಧ್ಯಾಪಕರು ಅಣಕು ಸಂದರ್ಶನಗಳನ್ನು ನಡೆಸಲಿ. ಅಪರಿಚಿತ ಸ್ನಾತಕರು ಪತ್ರ ಬರೆದರೆ ಉತ್ತರಿಸಲು ಒಪ್ಪುವ ಹಿರಿಯರ ಯಾದಿಯೊಂದನ್ನು ಸಿದ್ಧಪಡಿಸಿ ಎಲ್ಲ ವಿಭಾಗಗಳ ಸೂಚನಾಫಲಕದಲ್ಲಿ ಹಚ್ಚಲಿ. ಆ ಯಾದಿಗೆ ನನ್ನ ಹೆಸರನ್ನು ಇಂದೇ ಬರೆದುಕೊಳ್ಳಬೇಕೆಂದು ಕುಲಸಚಿವರನ್ನು ಕೋರುತ್ತೇನೆ.