ನೂರು ಹೂವಿಗೆ ನೂರೇ ರಟ್ಟು

ಮಕ್ಕಳೇ, ಜಮಖಂಡಿಯ ಮಗ್ಗುಲಲ್ಲೇ ಇರುವ ರಬಕವಿ-ಬನಹಟ್ಟಿ ಸೀರೆ ನೇಯುವ ಊರು. ಅಲ್ಲಿ ಬುಟ್ಟಾ, ಅಂದರೆ ಬಿಡಿ ಹೂವುಗಳಿರುವ, ಸೀರೆ ನೇಯುವ ಮಗ್ಗ ಕಂಡರೆ ತಲೆ ಎತ್ತಿ ನೋಡಿ. ಹಲವು ಮಗ್ಗಗಳ ಮೇಲೆ ಜಕಾರ್ಡ್ ಯಂತ್ರವಿರುತ್ತದೆ. ಅದರಿಂದ ತೂತು ಕೊರೆದ ರಟ್ಟುಗಳ ಉದ್ದನೆಯ ಮಾಲೆ ಇಳಿಬಿದ್ದಿರುತ್ತದೆ. ಕಂಪ್ಯೂಟರ್ ಪಾಠದ ಲೂಪ್, ಫಂಕ್ಷನ್ ಎರಡನ್ನೂ ಆ ಮಾಲೆಯೇ ಕಲಿಸಿಕೊಡುತ್ತದೆ.

ರಟ್ಟಿನಲ್ಲಿ ತೂತಿದ್ದ ಕಡೆ ಯಂತ್ರದ ಸೂಜಿ ಒಳಹೋಗುತ್ತದೆ. ಅದಕ್ಕೆ ಸೇರಿದ ಕೊಕ್ಕೆ ಹಾಸಿನ (ಉದ್ದಕ್ಕೆ ಹೋಗುವ) ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಕೆಳಗೆ ಲಾಳಿ ಹೊಕ್ಕಿನ (ಅಡ್ಡಕ್ಕೆ ಹೋಗುವ) ನೂಲನ್ನು ಎಳೆದುಕೊಂಡು ಓಡುತ್ತದೆ. ಒಂದು ರಟ್ಟಿಗೆ ಒಂದು ಸಾಲು. ಮುಂದಿನ ಸಾಲಿಗೆ ಮುಂದಿನ ರಟ್ಟು.

ಈಗ ಲೆಕ್ಕ ಹಾಕೋಣ. ಒಂದು ಹೂವಿಗೆ 100 ಸಾಲು ಬೇಕು, ಸೀರೆಯ ಉದ್ದಕ್ಕೆ 100 ಹೂವು ಬರಬೇಕು ಎಂದಿಟ್ಟುಕೊಳ್ಳಿ. ಒಟ್ಟು 10,000 ಸಾಲು. ಹಾಗಂತ 10,000 ರಟ್ಟು ಕೊರೆಯಬೇಕೆ? ಬೇಡ. 100 ರಟ್ಟು ಕೊರೆದು, ಕೊನೆಯದನ್ನು ಮೊದಲನೆಯದಕ್ಕೆ ಹೊಲಿದರೆ ಆಯಿತು. ಮಾಲೆ ಸುತ್ತುತ್ತದೆ, ಹೂವಿನ ಹಿಂದೆ ಹೂವು ಬರುತ್ತದೆ. ಇದೇ ಲೂಪ್.

ಆದರೆ ಮಾಲೆಗೆ ನಿಲ್ಲುವುದು ಗೊತ್ತಿಲ್ಲ. ಸೆರಗು ಬರುವ ಹೊತ್ತಾಯಿತೇ ಎಂದು ನೇಕಾರರು ನೋಡಿಕೊಳ್ಳಬೇಕು. ಕಂಪ್ಯೂಟರ್ ಪಕ್ಕದಲ್ಲಿ ಹಾಗೆ ಯಾರೂ ಕಾದು ನಿಂತಿರುವುದಿಲ್ಲ. ಅದಕ್ಕೇ ಲೂಪ್ ಬರೆಯುವಾಗ ಎಲ್ಲಿ ನಿಲ್ಲಬೇಕೆಂದೂ ಬರೆಯಬೇಕು. ಮರೆತರೆ ಅದು ಸುತ್ತುತ್ತಲೇ ಇರುತ್ತದೆ. ಹೊಸದಾಗಿ ಕಲಿಯುವವರು ಇಲ್ಲಿ ಎಡವುವುದುಂಟು.

ಇನ್ನು ಫಂಕ್ಷನ್. ಆ ನೂರು ರಟ್ಟಿನ ಕಟ್ಟಿಗೆ ‘ಬುಟ್ಟಾ’ ಎಂದು ಹೆಸರಿಡಿ. ಮುಂದೆ ಹೂವು ಬೇಕಾದಾಗಲೆಲ್ಲ ನೂರು ಸಾಲುಗಳನ್ನು ಮತ್ತೆ ವಿವರಿಸಬೇಕಿಲ್ಲ, ಹೆಸರು ಕರೆದರೆ ಸಾಕು. ರಟ್ಟು ಅದೇ ಇದ್ದು, ಹೂವಿನ ನೂಲು ಮಾತ್ರ ಬದಲಾದರೆ ಅದೇ ಹೂವು ಬೇರೆ ಬಣ್ಣದಲ್ಲಿ ಅರಳುತ್ತದೆ. ಫಂಕ್ಷನ್ ಕರೆಯುವಾಗಲೂ ಹೀಗೆ ಬಣ್ಣವನ್ನು ಕೈಗೆ ಕೊಟ್ಟು ಕಳಿಸಬಹುದು:

100 ಸಲ ಮಾಡು:
    ಬುಟ್ಟಾ(ಕೆಂಪು)

ನನಗೆ ತುಂಬ ಇಷ್ಟವಾದ ಗುಣ ಇನ್ನೊಂದಿದೆ. ಒಂದು ರಟ್ಟಿನಲ್ಲಿ ತೂತು ತಪ್ಪಿದರೆ ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ತಪ್ಪು ಕಾಣುತ್ತದೆ. ಆ ಒಂದೇ ರಟ್ಟನ್ನು ಸರಿಮಾಡಿದರೆ ಮುಂದಿನ ಹೂವುಗಳೆಲ್ಲ ಸರಿ. ಫಂಕ್ಷನ್ನಿನಲ್ಲೂ ತಪ್ಪನ್ನು ತಿದ್ದಬೇಕಾದದ್ದು ಒಂದೇ ಕಡೆ.

ಜಕಾರ್ಡ್ ಯಂತ್ರವನ್ನು 1804ರಲ್ಲಿ ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ ರೂಪಿಸಿದರು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೂ ಇಂಥ ರಟ್ಟುಗಳನ್ನೇ ಯೋಚಿಸಿದರು. ಆ ಯಂತ್ರ ಪೂರ್ತಿಯಾಗಲಿಲ್ಲ. ಆದರೂ ಅದರ ಬಗ್ಗೆ 1843ರಲ್ಲಿ ಬರೆದ ಅಡಾ ಲವ್‌ಲೇಸ್, ಒಂದೇ ಕಟ್ಟಿನ ರಟ್ಟುಗಳನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಬಳಸುವ ಬಗೆಯನ್ನು ವಿವರಿಸಿದರು. ಕಂಪ್ಯೂಟರ್ ಹುಟ್ಟುವ ಮೊದಲೇ ಲೂಪ್ ಹುಟ್ಟಿತ್ತು!

ಈಗ ನಿಮ್ಮ ಸರದಿ. ಒಂದು ಹೂವು ಕೆಂಪು, ಮುಂದಿನದು ಹಳದಿ, ಒಟ್ಟು ನೂರೇ ಹೂವು. ಮೇಲಿನ ಎರಡು ಸಾಲಿನ ಪ್ರೋಗ್ರಾಮ್ ಹೇಗೆ ಬದಲಾಗಬೇಕು? ‘100 ಸಲ’ ಎಂಬುದನ್ನು ಹಾಗೇ ಬಿಡುವ ಮುನ್ನ ಹೂವುಗಳನ್ನು ಎಣಿಸಿ ನೋಡಿ.