ಬಿಡಿ ಸವಾರ ದಳಪತಿಯಾದ ಬಗೆ

ಸ್ವಯಂಸೇವಕನೆಂದೊಡನೆ ನಿಮಗೆ ಸಮ್ಮೇಳನಗಳಲ್ಲಿ ನೀರು ಕೊಡುವ ಹುಡುಗರು ನೆನಪಾಗಬಹುದು. 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನು ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ, ಅಣ್ಣ ಶಹಬಾಜನ ದಳದೊಡನೆ ತಾನಾಗಿಯೇ ಬಂದು ಕಾದಿದ ಸವಾರನೊಬ್ಬನಿದ್ದ. ವಯಸ್ಸು ಮೂವತ್ತರ ಸಮೀಪ. ಓದು ಬರಹ ಬಾರದು. ಅವನ ಕೆಚ್ಚನ್ನು ಮೆಚ್ಚಿ ನಂಜರಾಜಯ್ಯನು 50 ಕುದುರೆ, 200 ಕಾಲಾಳುಗಳನ್ನು ಒಪ್ಪಿಸಿದ. ಹೈದರಾಲಿಯ ಉದ್ಯೋಗಪರ್ವ ಮೊದಲಾದುದು ಹೀಗೆ.

1755ರಲ್ಲಿ ದಿಂಡಿಗಲ್ಲಿನ ಫೌಜುದಾರಿಕೆ ದೊರೆಯಿತು. 1758ರಲ್ಲಿ ಸಂಬಳ ಬಾಕಿಯೆಂದು ಸೈನಿಕರು ಶ್ರೀರಂಗಪಟ್ಟಣದಲ್ಲಿ ನಂಜರಾಜಯ್ಯನ ಬಾಗಿಲಿಗೆ ಧರಣಿ ಕೂತರು. ಬಾಕಿ ತೀರಿಸಿ ಅವರನ್ನು ಎಬ್ಬಿಸಿದವನು ಹೈದರ. ಶೌರ್ಯಕ್ಕಿಂತ ಇದೇ ಅವನನ್ನು ಮೇಲೆತ್ತಿತೆಂದು ನನ್ನ ಎಣಿಕೆ. ಮರುವರ್ಷವೇ ಅವನು ಮರಾಠರನ್ನು ಹಿಮ್ಮೆಟ್ಟಿಸಿ 'ಫತೇ ಹೈದರ್ ಬಹಾದೂರ್' ಎನಿಸಿದ.

ಆದರೆ 1760ರ ಆಗಸ್ಟಿನಲ್ಲಿ ಅವನ ದಿವಾನ ಖಂಡೇರಾಯನೇ ತಿರುಗಿಬಿದ್ದು, ಕೋಟೆಯಿಂದ ಫಿರಂಗಿ ಹಾರಿಸಿದ. ಹೈದರನ ಮುಖ್ಯ ಸೈನ್ಯ ಆಗ ದೂರದ ಆರ್ಕಾಟು ಸೀಮೆಯಲ್ಲಿತ್ತು. ಕಾವೇರಿ ತುಂಬಿ ಹರಿಯುತ್ತಿತ್ತು. ಮಗ ಟಿಪ್ಪುವನ್ನೂ ಮನೆಯವರನ್ನೂ ಹಿಂದೆ ಬಿಟ್ಟು, ಕೆಲವೇ ಸವಾರರೊಡನೆ ಆ ರಾತ್ರಿ ಹೊಳೆ ದಾಟಿ ಬೆಂಗಳೂರು ಸೇರಿದ. ಮರುವರ್ಷ ಮತ್ತೆ ಸೋತು, ತಾನೇ ಬದಿಗೊತ್ತಿದ್ದ ನಂಜರಾಜಯ್ಯನ ಕಾಲಿಗೆರಗಿ ನೆರವು ಬೇಡಿ, ಕಡೆಗೆ ಪಟ್ಟಣವನ್ನು ಹಿಡಿದ. ಗಿಣಿಯಂತೆ ಸಾಕುವೆನೆಂದು ಮಾತು ಕೊಟ್ಟಿದ್ದರಿಂದ ಖಂಡೇರಾಯನನ್ನು ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಮಾತು ಉಳಿಯಿತು, ಕರುಣೆ ಉಳಿಯಲಿಲ್ಲ.

ಪಾಂಡವಪುರದಿಂದ ಕೃಷ್ಣರಾಜಪೇಟೆಯ ಕಡೆಗೆ ಹೋಗುವಾಗ ನೀವು ಚಿನಕುರಳಿಯನ್ನು ಕಂಡಿರಬಹುದು. 1771ರ ಮಾರ್ಚಿಯಲ್ಲಿ, ಮದರಾಸಿನ ಬಾಗಿಲಲ್ಲೇ ಇಂಗ್ಲಿಷರೊಡನೆ ಕೌಲು ಬರೆಸಿಕೊಂಡು ಇನ್ನೂ ಎರಡು ವರ್ಷವಾಗದಿದ್ದ ಈ ದಳಪತಿ, ಅಲ್ಲಿ ತ್ರ್ಯಂಬಕರಾಯನಿಗೆ ಸೋತ. ಮೇಲುಕೋಟೆಯಿಂದ ಇರುಳಲ್ಲಿ ಸದ್ದಿಲ್ಲದೆ ಹಿಂದೆಗೆಯುತ್ತಿದ್ದಾಗ ಒಂದು ಫಿರಂಗಿ ಸಿಡಿದು ಗುಟ್ಟು ಬಯಲಾಯಿತು. ಬೆಳಗಾಗುವುದರೊಳಗೆ ಮರಾಠರು ಮುತ್ತಿಕೊಂಡರು, ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಹೈದರ ಕುದುರೆಯೇರಿ ಪಟ್ಟಣಕ್ಕೆ ಓಡಿಬಂದ. ಗೆದ್ದವರು ಬಿಡಾರದ ಲೂಟಿಯಲ್ಲಿ ದಿನ ಕಳೆದರು. ಮೇಲುಕೋಟೆಯೂ ಸುಲಿಗೆಗೆ ಸಿಕ್ಕಿತು. ದೊರೆಗಳ ಸೋಲಿಗೆ ತೆರಿಗೆ ತೆತ್ತವರು ಊರಿನವರು.

ಇತ್ತ ಹೈದರನು ಕುದುರೆ, ಆಯುಧ ಸಹಿತ ಮರಳಿದವರಿಗೆಲ್ಲ ಹೊನ್ನು ಹಂಚಿದನೆನ್ನುತ್ತಾರೆ. ತ್ರ್ಯಂಬಕರಾಯ ಮುತ್ತಿಗೆಗೆ ಬರುವ ವೇಳೆಗೆ ಪಟ್ಟಣದಲ್ಲಿ ಮತ್ತೆ ಸೈನ್ಯವಿತ್ತು. ಕೋಟೆ ಬೀಳಲಿಲ್ಲ. 1772ರಲ್ಲಿ ಹಣವನ್ನೂ ನಾಡನ್ನೂ ತೆತ್ತು ಸಂಧಿ ಮಾಡಿಕೊಂಡ. ಕೆಲವೇ ವರ್ಷಗಳಲ್ಲಿ ಕಳೆದ ಸೀಮೆಗಳನ್ನು ಹಿಂದಕ್ಕೆ ಪಡೆಯತೊಡಗಿದ.