ಹೊಲದ ಮಾತು



1956ರ ನವೆಂಬರ 1ರಂದು ರಾಜ್ಯಗಳ ಎಲ್ಲೆಗಳು ಹೊಸದಾಗಿ ನಿರ್ಣಯವಾದಾಗ ನಮ್ಮ ಕೊಲ್ಹಾಪುರ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1951ರ ಜನಗಣತಿಯು ಮನೆಮಾತನ್ನು ಎಣಿಸಿತ್ತು. ಹೊಲದ ಮಾತನ್ನು ಯಾರೂ ಎಣಿಸಲಿಲ್ಲ.

ಆ ಮಾತಿನ ಸೂಕ್ಷ್ಮವನ್ನು ನೋಡೋಣ. ರಂಟೆಯಿಂದ ಉಳುವುದು ಬೇರೆ, ಕುಂಟೆಯಿಂದ ಹರಗುವುದು ಬೇರೆ, ಬೆಳೆಸಾಲುಗಳ ನಡುವೆ ಎಡೆ ಹೊಡೆಯುವುದು ಬೇರೆ. ಕೂರಿಗೆಯೊಂದರಲ್ಲಿಯೇ ದಿಂಡು, ತಾಳು, ಈಸು, ಬಟ್ಟಲು ಎಂದು ಅಂಗಾಂಗಕ್ಕೆ ಹೆಸರುಂಟು. ಉಡಿಯಲ್ಲಿ ಬೀಜ ಕಟ್ಟಿಕೊಂಡ ತಾಯಿಯು ಬಟ್ಟಲಿಗೆ ಕಾಳು ಬಿಡುತ್ತ ನಡೆದರೆ, ಅದು ತಾಳುಗಳಲ್ಲಿಳಿದು ಸಾಲು ಸೇರುವುದು. ನಡುನಡುವೆ ಬೇರೆ ಕಾಳಿನ ಸಾಲು ಬಿಟ್ಟರೆ ಅಕ್ಕಡಿ. ನೆರೆಯ ಮರಾಠಿ ಒಕ್ಕಲಿಗನು ಇದೇ ಸಾಧನವನ್ನು ಕುರೀ ಎನ್ನುವನು. ಕೇಳಿದೊಡನೆ ನಮಗೆ ಹಟ್ಟಿಯ ಕುರಿ ನೆನಪಾದೀತು. ಆದರೆ ಅದು ಕೂರಿಗೆಯ ಬಳಗದ ಮಾತೆಂದೇ ನಮಗೆ ತೋರುತ್ತದೆ. ಇದರಲ್ಲಿ ಜಗಳವೇನಿಲ್ಲ.

ಭಯವಿರುವುದು ಬೇರೆಡೆಗೆ. ಗೋಕುಳ ಶಿರಗಾಂವದಲ್ಲಿ ಇಂದು ಕಾರಖಾನೆಗಳ ವಸಾಹತು ನಿಂತಿದೆ. ಉಳಿದ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಎತ್ತು ಹೋದಲ್ಲಿ ನೊಗ ಹೋಯಿತು. ಕಣದಲ್ಲಿ ಹಂತಿ ನಿಂತಲ್ಲಿ ಮೇಟಿಯೂ ಹೋಯಿತು. ಮೇಟಿ ಎಂದರೇನೆಂದು ಕೇಳಿದರೆ ನಮ್ಮ ಮಕ್ಕಳು ಮುಖ ನೋಡುತ್ತಾರೆ.

ಆದುದರಿಂದ ಬರುವ ಸುಗ್ಗಿಯೊಳಗಾಗಿ ಪ್ರತಿ ಮನೆಯ ಹಿರಿಯರ ಬಳಿ ಮಗುವೊಂದನ್ನು ವಹಿ ಕೊಟ್ಟು ಕೂಡಿಸಿರಿ. ಸಾಧನದ ಹೆಸರು, ಅದರ ಉಪಯೋಗ, ಬಂದರೆ ಒಂದು ಚಿತ್ರ, ಇಷ್ಟು ಬರೆಯಲಿ. ಆ ವಹಿಗಳನ್ನು ನಾವು ಮನೆಮನೆಗೆ ಬಂದು ಒಯ್ಯುವೆವು.